ಮಕ್ಕಳಿಗೆ ಯಾವ ಹಬ್ಬ ಅಂದ್ರೆ, ನನ್ನ ವೋಟು ಎಳ್ಳಮಾಸಿಗೆ

ಪರದೇಶದಲ್ಲಿ ಬೆಳೆಯೋ ಮಕ್ಕಳಿಗೆ ನಮ್ಮ ಹಬ್ಬ ಗೊತ್ತಿರಬೇಕು ಅಂದ ಕೂಡಲೇ ಎಲ್ಲರೂ ದೀಪಾವಳಿ, ಗಣೇಶ ಅಂತ ಹಾಲ್ ಬುಕ್ ಮಾಡೋಕೆ ಓಡ್ತೀವಿ. ತಪ್ಪೇನಿಲ್ಲ. ಆದ್ರೆ ನಾನು ಕಲಬುರಗಿ ಕಡೆಯವಳು, ನನ್ನನ್ನು ಕೇಳಿದರೆ ಎಳ್ಳಮಾಸಿ ಮಾಡಿ ಅಂತೀನಿ. ಹಾಲ್ ಬೇಡ, ಕೇಟರಿಂಗ್ ಬೇಡ. ಬಯಲಲ್ಲಿ ಕೂತು ಉಂಡರೆ ಸಾಕು.

ಬೆಂಗಳೂರು, ಮೈಸೂರು ಕಡೆಯವರಿಗೆ ಇದು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಮಾರ್ಗಶಿರದ ಕೊನೆಗೆ ಬರುವ ಅಮಾವಾಸ್ಯೆ ಇದು, ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ ಬೀಳುತ್ತದೆ. ಹಿಂಗಾರಿ ಜೋಳ ತೆನೆ ಹೊರಡುವ ಹೊತ್ತು. ಬಸುರಿ ಭೂತಾಯಿಗೆ ಬಯಕೆ ಊಟ ಉಣಿಸುವ ದಿನ ಅಂತಾರೆ. ಬೀದರ್, ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಹೊಲ ಇಲ್ಲದವರನ್ನು ಇದ್ದವರು ಕರೆದುಕೊಂಡು ಹೋಗುತ್ತಾರೆ.

ನಮ್ಮ ಮನೆಯಲ್ಲಿ ಸಜ್ಜೆ ರೊಟ್ಟಿ ಕೆಲಸ ಎಷ್ಟೋ ದಿನ ಮೊದಲೇ ಶುರು. ಅವ್ವ, ಆಯಿ (ಅಜ್ಜಿ), ಓಣಿಯ ಹೆಂಗಸರು ಸೇರಿ ತಟ್ಟುತ್ತಿದ್ದರು. ಮೇಲೆ ಬಿಳಿ ಎಳ್ಳು ಒತ್ತಿ, ಬೇಯಿಸಿ, ಕಟಕ್ ಅಂತ ಮುರಿಯುವ ತನಕ ಒಣಗಿಸಿ ಬುಟ್ಟಿಗೆ ಜೋಡಿಸೋದು. ಕಡುಬು, ಶೇಂಗಾ ಹೋಳಿಗೆ, ಅಗಸಿ ಚಟ್ನಿ, ಗಡಿಗೆಯಲ್ಲಿ ಹುಳಿ ಬಂದ ಜೋಳದ ಅಂಬಲಿ, ಎಲ್ಲ ಇರುತ್ತಿತ್ತು. ಆದರೆ ಭಜ್ಜಿ ಇಲ್ಲದಿದ್ದರೆ ಎಳ್ಳಮಾಸಿಯೇ ಅಲ್ಲ. ಎಣ್ಣೆಯಲ್ಲಿ ಕರಿಯೋದಲ್ಲ ಇದು. ಹಸಿ ತೊಗರಿ, ಅವರೆ, ಬಟಾಣಿ, ಹಸಿ ಕಡಲೆ ಬೇಯಿಸಿ, ಮೆಂತ್ಯ, ಪಾಲಕ್, ಉಳ್ಳಾಗಡ್ಡಿ ತಪ್ಪಲು, ಬದನೆ, ಗಜ್ಜರಿ (ಕ್ಯಾರೆಟ್) ಹಾಕಿ, ಹುಣಸೆ ಹುಳಿ ಬಿಟ್ಟು, ಕಡಲೆ ಹಿಟ್ಟು ಕದಡಿ ಮಂದ ಮಾಡೋದು. ಮೇಲೆ ಕೈತುಂಬಾ ಬೆಳ್ಳುಳ್ಳಿ ಒಗ್ಗರಣೆ. ತಳ ಹತ್ತದಂತೆ ಆಯಿ ಎರಡೂ ಕೈಯಲ್ಲಿ ತಿರುವುತ್ತಿದ್ದಳು. ಅದು ಪಚಕ್ ಅಂತ ಸಿಡಿದು ಮುಂಗೈ ಮೇಲೆ ಬೀಳುತ್ತಿತ್ತು, ಸೆರಗಲ್ಲಿ ಒರೆಸಿಕೊಂಡು ಮತ್ತೆ ತಿರುವೋದು. ಹೊಲ ಮುಟ್ಟುವಷ್ಟರಲ್ಲಿ ಭಜ್ಜಿ ಇನ್ನೂ ಗಟ್ಟಿಯಾಗಿರುತ್ತಿತ್ತು. ಚಮಚ ಯಾಕೆ, ರೊಟ್ಟಿ ತುಂಡಲ್ಲೇ ಎತ್ತಿ ತಿನ್ನೋದು.

ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ. ಆಮೇಲೆ ಚರಗ. ಮಾಡಿದ ಎಲ್ಲ ಅಡುಗೆ ಒಂದಿಷ್ಟು ಕಲಸಿಕೊಂಡು ಮುತ್ಯಾ (ಅಜ್ಜ) ‘ಹುಲ್ಲುಲ್ಲಿಗೋ’ ಅಂತ ಕೂಗುತ್ತಾ ಹೊಲದ ಸುತ್ತ ಚೆಲ್ಲುತ್ತಾ ಹೋಗುತ್ತಿದ್ದ. ಹಿಂದೆ ಕಾಕಾ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದ. ನಾವು ಹುಡುಗರು ನಮಗಿಂತ ಎತ್ತರದ ಜೋಳದೊಳಗೆ ನುಗ್ಗಿ ಕೂಗಿಗೆ ಕೂಗು ಸೇರಿಸುತ್ತಿದ್ದೆವು. ಭೂಮಿ ಉಂಡ ಮೇಲೆಯೇ ನಮ್ಮ ಊಟ. ಹೊಟ್ಟೆ ಚುರುಗುಟ್ಟಿದರೂ ಬುಟ್ಟಿಗೆ ಕೈ ಹಾಕುವಂತಿರಲಿಲ್ಲ. ‘ಹಕ್ಕಿ-ಪಕ್ಷಿ ತಿಂದ ಮ್ಯಾಗ ಉಳದದ್ದು ನಮಗ’ ಅಂತಿದ್ದ ಮುತ್ಯಾ.

ನನ್ನ ಮಕ್ಕಳಿಗೆ ದಾಟಿಸಬೇಕು ಅನ್ನಿಸೋದು ಈ ಭಾಗವನ್ನೇ. ಭಜ್ಜಿ ತಿನ್ನಲಿ ಬಿಡಲಿ. (ದೊಡ್ಡವನು ಮುಟ್ಟೋದೂ ಇಲ್ಲ, ಹೋಳಿಗೆ ಮಾತ್ರ ಖಾಲಿ ಮಾಡ್ತಾನೆ.)

ನಾವಿರೋದು ಮೆಲ್ಬರ್ನ್‌ನಲ್ಲಿ. ಇಲ್ಲಿ ಆಗ ಬೇಸಿಗೆ, ಶಾಲೆಗೆ ದೊಡ್ಡ ರಜೆ. 2024ರಲ್ಲಿ ಅಮಾವಾಸ್ಯೆ ಡಿಸೆಂಬರ್ 30ಕ್ಕೇ ಬಂದಿತ್ತು. ಕೆನಡಾ, ಇಂಗ್ಲೆಂಡಿನವರಿಗೆ ಆ ಚಳಿಯಲ್ಲಿ ಬಯಲೂಟ ಆಗೋ ಮಾತಲ್ಲ, ಪಾಪ. ತಮಾಷೆ ಅಂದ್ರೆ, ಕ್ವೀನ್ಸ್‌ಲ್ಯಾಂಡಿನ ಡಾರ್ಲಿಂಗ್ ಡೌನ್ಸ್‌ನಲ್ಲಿ ನಮ್ಮ ಎರೆಹೊಲದಂಥದ್ದೇ ಕಪ್ಪು ಮಣ್ಣು, ಅದರಲ್ಲಿ ಇದೇ ಹೊತ್ತಿಗೆ ಜೋಳ ನಿಂತಿರುತ್ತದೆ. ಆದರೆ ಅದು ಹೋಗೋದು ದನ-ಕೋಳಿಗಳ ಹೊಟ್ಟೆಗೆ, ಇಲ್ಲ ಚೀನಾದವರ ಸಾರಾಯಿಗೆ! ಮುತ್ಯಾಗೆ ಹೇಳಿದ್ದರೆ ನಂಬುತ್ತಿರಲಿಲ್ಲ.

ಮಾಡೋಣ ಅನ್ನಿಸಿದವರಿಗೆ ಒಂದೆರಡು ಮಾತು. ಸಜ್ಜೆ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಬಾಜ್ರಾ ಹೆಸರಲ್ಲಿ ಸಿಗುತ್ತದೆ, ಆದ್ರೆ ಬೇಗ ಕಹಿಯಾಗುತ್ತದೆ. ಪ್ಯಾಕೆಟ್ ಮೇಲಿನ ತಾರೀಖು ನೋಡಿ, ತಂದು ಫ್ರೀಜರ್‌ಗೆ ಹಾಕಿ. ಕುದಿಯುವ ನೀರು ಹಾಕಿ ನಾದದಿದ್ದರೆ ರೊಟ್ಟಿ ಅಂಚು ಸೀಳುತ್ತದೆ. ಹಸಿ ತೊಗರಿ ಕಾಳಿಗೆ ಊರೆಲ್ಲ ಸುತ್ತಬೇಡಿ. ಗುಜರಾತಿಗಳ ಫ್ರೋಜನ್ ಪ್ಯಾಕೆಟ್‌ಗಳಲ್ಲಿ ‘ತುವರ್ ಲಿಲ್ವಾ’ ಅಂತ ಇರೋದು ಅದೇ. ಇಲ್ಲಿನ ಎಷ್ಟೋ ಪಾರ್ಕ್‌ಗಳಲ್ಲಿ ಬಿಟ್ಟಿ ಎಲೆಕ್ಟ್ರಿಕ್ ಬಾರ್ಬೆಕ್ಯೂ ಇರ್ತವೆ, ಭಜ್ಜಿ ಬಿಸಿ ಮಾಡೋಕೆ ಅನುಕೂಲ. ಮಾಂಸ ಬೇಯಿಸಿದ ಕಾವಲಿ ಅನ್ನೋ ಯೋಚನೆ ಇದ್ದವರು ಮನೆಯ ಹಂಚೋ ಪಾತ್ರೆಯೋ ಅದರ ಮೇಲಿಟ್ಟುಕೊಳ್ಳಿ. ಬೇರೆ ಮಕ್ಕಳನ್ನು ಕರೆದರೆ ಶೇಂಗಾ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿ, ಮರೀಬೇಡಿ.

ಚರಗವನ್ನು ಪಾರ್ಕಿನಲ್ಲಿ ಚೆಲ್ಲೋದು ಬೇಡ, ಅಲ್ಲಿ ಹಕ್ಕಿಗಳಿಗೆ ತಿನಿಸು ಹಾಕಬಾರದು ಅಂತಾರೆ. ನಾವು ಹಿತ್ತಲ ಟೊಮೇಟೊ ಮಡಿ ಸುತ್ತ ಚೆಲ್ಲುತ್ತೇವೆ. ಅದೂ ಆಗ ಹೂ ಬಿಟ್ಟು ಕಾಯಿ ಕಟ್ಟೋ ಹೊತ್ತೇ ಅಲ್ವಾ? ಕೂಗೋದು ಚಿಕ್ಕವಳ ಪಾಲು. ಪಕ್ಕದ ಮನೆಯ ಅಜ್ಜ ಬೇಲಿ ಮೇಲಿಂದ ಇಣುಕಿ ಏನಾಯ್ತು ಅಂತ ಕೇಳಿದ್ದರು. ಈಗ ಅವರಿಗೂ ಒಂದು ತಟ್ಟೆ ಹೋಗುತ್ತದೆ. ಅಂಬಲಿ ಮಾತ್ರ ಬೇಡ ಅಂತಾರೆ.

ಬಾಗಲಕೋಟೆ ಕಡೆಯವರು ಯಾರಾದ್ರೂ ಇದ್ದೀರಾ? ನೀವು ಚರಗಕ್ಕೆ ಮಾದಲಿ ಅನ್ನೋ ಸಿಹಿ ಮಾಡ್ತೀರಲ್ಲ, ಗೋಧಿ-ಕಡಲೆಬೇಳೆ ಅಳತೆ ಸ್ವಲ್ಪ ಬರೆದು ಹಾಕಿ. ಈ ಸಲ ಅದನ್ನೂ ಮಾಡಿ ನೋಡೋಣ ಅಂತ.