ಸೈನಿಕರ ಮನಸ್ಸಿನ ಮೇಲೆ ಗುಟ್ಟಿನ ಪ್ರಯೋಗ: ಮನೋವೈದ್ಯೆಗೆ ಕೇಳಿ

ಅಡ್ಮಿನ್: ಸರ್ಕಾರಗಳು ಸೈನಿಕರ ಮನಸ್ಸನ್ನು ರಿಮೋಟ್ ಹಿಡಿದು ಆಡಿಸುತ್ತವೆ ಅನ್ನೋ ವಿಡಿಯೊ ಈ ವಾರ ಗುಂಪಲ್ಲಿ ಬಂತಲ್ಲ, ಅದರ ಬಗ್ಗೆ ಡಾಕ್ಟರ್ ಮೇಡಂ ಇವತ್ತು ಸಂಜೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಹಾಸನದವ: ಮೇಡಂ, ಇದೆಲ್ಲ ನಿಜವಾ?

ಡಾಕ್ಟರ್: ಪ್ರಯೋಗ ನಡೆದದ್ದು ನಿಜ. ರಿಮೋಟ್ ಸುಳ್ಳು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಎಂಕೆ ಅಲ್ಟ್ರಾ ಅನ್ನೋ ಗುಟ್ಟಿನ ಯೋಜನೆ ಶುರು ಮಾಡಿತು, ಮನಸ್ಸನ್ನು ಹತೋಟಿಗೆ ತರಬಹುದಾ ಅಂತ ನೋಡುವುದಕ್ಕೆ. 1973ರಲ್ಲಿ ಅದರ ಕಡತಗಳನ್ನು ನಾಶ ಮಾಡಿಸಿದರು. ಹಣಕಾಸಿನ ಕಾಗದಗಳು ಮಾತ್ರ ಬೇರೆ ಕಡೆ ಉಳಿದುಕೊಂಡು 1977ರಲ್ಲಿ ಸಿಕ್ಕಿಬಿದ್ದವು. ಸೈನಿಕರ ಮೇಲೆ ನಡೆದದ್ದು ಹೆಚ್ಚಾಗಿ ಬೇರೆ ಕಡೆ, ಸೈನ್ಯದ ರಾಸಾಯನಿಕ ಅಸ್ತ್ರಗಳ ಕೇಂದ್ರವಾದ ಮೇರಿಲ್ಯಾಂಡ್‌ನ ಎಡ್ಜ್‌ವುಡ್ ಆರ್ಸೆನಲ್‌ನಲ್ಲಿ. 1955ರಿಂದ 1975ರವರೆಗೆ, ಸುಮಾರು 7,000 ಸೈನಿಕರು.

ತುಮಕೂರು ಬಾಯ್: ಅಂದ್ರೆ ನಿಜಾನಾ?

ಡಾಕ್ಟರ್: ಈಗಷ್ಟೇ ಬರೆದೆ.

ಸತ್ಯಶೋಧಕ: ಆ ಸೈನಿಕರು ಒಪ್ಪಿಯೇ ಹೋಗಿದ್ದರು ಅಂತ ಹೇಳುತ್ತಾರೆ. ಒಪ್ಪಿದ ಮೇಲೆ ಗುಟ್ಟು ಎಲ್ಲಿಂದ ಬಂತು?

ಡಾಕ್ಟರ್: ಒಪ್ಪಿದ್ದು ಯಾವುದಕ್ಕೆ ಅನ್ನೋದೇ ಪ್ರಶ್ನೆ. ಜೇಮ್ಸ್ ಸ್ಟಾನ್ಲಿ ಅನ್ನೋ ಸಾರ್ಜೆಂಟ್ 1958ರಲ್ಲಿ ಹೋದದ್ದು ವಿಷಾನಿಲದಿಂದ ಕಾಪಾಡುವ ಬಟ್ಟೆ ಪರೀಕ್ಷೆಗೆ ಅಂತ. ಕೊಟ್ಟದ್ದು ಭ್ರಮೆ ಹುಟ್ಟಿಸುವ ಮದ್ದು ಎಲ್‌ಎಸ್‌ಡಿ, ಹೇಳದೆ. ಅವರಿಗೆ ಗೊತ್ತಾದದ್ದು 1975ರಲ್ಲಿ, ಸೈನ್ಯದಿಂದಲೇ ಬಂದ ಪತ್ರದಿಂದ. ಕೇಸ್ ಹಾಕಿದರು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರಲ್ಲಿ ತಳ್ಳಿಹಾಕಿತು.

ನಿವೃತ್ತ ಸುಬೇದಾರ್: ಅದು ಅಮೆರಿಕ. ನಮ್ಮ ಸೈನ್ಯವನ್ನು ಇದರಲ್ಲಿ ಎಳೆಯಬೇಡಿ.

ಸತ್ಯಶೋಧಕ: ಯಾರು ಎಳೆದರು ಸಾರ್? ಆದರೆ ಸ್ವಾತಂತ್ರ್ಯಕ್ಕೆ ಮುಂಚೆ ರಾವಲ್ಪಿಂಡಿಯಲ್ಲಿ ನಮ್ಮ ಸಿಪಾಯಿಗಳಿಗೆ ಮಸ್ಟರ್ಡ್ ಗ್ಯಾಸ್ ಬಿಟ್ಟಿದ್ದು ಸುಳ್ಳಾ?

ನಿವೃತ್ತ ಸುಬೇದಾರ್: ಬಿಟ್ಟದ್ದು ಬ್ರಿಟಿಷರು! ಅಷ್ಟಕ್ಕೂ ಅದು ಚರ್ಮ ಸುಡುವ ಅನಿಲ, ಮನಸ್ಸಿನದ್ದಲ್ಲ. ಎಲ್ಲ ಕಲಸಬೇಡಿ.

ಡಾಕ್ಟರ್: ಇಬ್ಬರೂ ಸರಿ. ಮುಂದೆ.

ಬಿಎಸ್ಸಿ ಹುಡುಗಿ: ಮೇಡಂ, ಎಡ್ಜ್‌ವುಡ್‌ನಲ್ಲಿ ಬಿಜ಼ೆಡ್ ಅಂತ ಕೊಟ್ಟರಂತಲ್ಲ, ಅದೇನು?

ಡಾಕ್ಟರ್: ಒಳ್ಳೆ ಪ್ರಶ್ನೆ. ಬುದ್ಧಿ ಕಲಕುವ ಒಂದು ರಾಸಾಯನಿಕ. ಒಂದು ಮಿಲಿಗ್ರಾಂಗಿಂತ ಕಡಿಮೆ ಸಾಕು, ಮನುಷ್ಯ ಎರಡು ಮೂರು ದಿನ ಈ ಲೋಕದಲ್ಲಿ ಇರುವುದಿಲ್ಲ. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮೆತ್ತೆ ಹೊದಿಸಿದ ಗೋಡೆಯ ಕೋಣೆಯಲ್ಲಿ ಹುಡುಗರು ಇಲ್ಲದ ಸಿಗರೇಟನ್ನು ಬೆರಳಲ್ಲಿ ಹಿಡಿದು ಸೇದುತ್ತಿದ್ದರು. ಯಾರೂ ಇಲ್ಲದ ಕಡೆ ಮಾತಾಡುತ್ತಿದ್ದರು. ಆದರೆ ನೋಡಿ, ಇದರಲ್ಲಿ ಹತೋಟಿ ಎಲ್ಲಿದೆ? ಹೇಳಿದ್ದನ್ನು ಕೇಳುವ ಸ್ಥಿತಿಯಲ್ಲೇ ಆತ ಇಲ್ಲ. ಎಲ್‌ಎಸ್‌ಡಿ ಕಥೆಯೂ ಅಷ್ಟೇ. 1964ರಲ್ಲಿ ಬ್ರಿಟನ್ನಿನ ರಾಸಾಯನಿಕ ಅಸ್ತ್ರ ಸಂಶೋಧನಾ ಕೇಂದ್ರ ಪೋರ್ಟನ್ ಡೌನ್‌ನವರು ಮರೀನ್ ಸೈನಿಕರಿಗೆ ಎಲ್‌ಎಸ್‌ಡಿ ಕೊಟ್ಟು ಕಸರತ್ತು ಮಾಡಿಸಿ ಚಿತ್ರೀಕರಿಸಿದರು. ಒಬ್ಬ ಹಕ್ಕಿಗಳಿಗೆ ತಿನ್ನಿಸುತ್ತೇನೆ ಅಂತ ಮರ ಹತ್ತಿದ. ಒಂದು ಗಂಟೆ ಹತ್ತು ನಿಮಿಷಕ್ಕೆ ದಳದ ನಾಯಕನೇ ನನ್ನಿಂದ ಆಗಲ್ಲ ಅಂತ ಕೈಚೆಲ್ಲಿ ನಗುತ್ತಾ ಕೂತ. ಮನಸ್ಸನ್ನು ಕೆಡಿಸುವುದು ಅವರಿಗೆ ಬಂತು, ಆಳುವುದು ಬರಲಿಲ್ಲ. ಎಂಕೆ ಅಲ್ಟ್ರಾ ನಡೆಸಿದ ಸಿಡ್ನಿ ಗಾಟ್ಲೀಬ್ ಕೂಡ ಕೊನೆಗೆ ಇದರಿಂದ ಪ್ರಯೋಜನವಿಲ್ಲ ಅನ್ನೋ ತೀರ್ಮಾನಕ್ಕೇ ಬಂದ.

ಹಾಸನದವ: ಹಿಪ್ನಾಟಿಸಂ ಕೋರ್ಸ್ ಎಲ್ಲಿ ಮಾಡಬಹುದು ಮೇಡಂ?

ಕಾಫಿತೋಟ: ಮೇಡಂ, ನಮ್ಮ ಊರು ವಿರಾಜಪೇಟೆ ಹತ್ತಿರ. ನಮ್ಮ ಮನೆಯವರು ಸೈನ್ಯದಿಂದ ರಿಟೈರ್ ಆಗಿ ಬಂದಿದ್ದಾರೆ. ಈಗ ಕೆಲವು ವಾರದಿಂದ ಸರಿಯಾಗಿ ಮಲಗುತ್ತಿಲ್ಲ. ಸರ್ವೀಸಲ್ಲಿ ಹಾಕಿದ ಇಂಜೆಕ್ಷನ್ ಜೊತೆ ಚಿಪ್ ಹಾಕಿದ್ದಾರೆ, ಅದರಿಂದ ದನಿ ಕೇಳಿಸುತ್ತದೆ ಅನ್ನುತ್ತಾರೆ. ಫೋನಿನ ಸಿಮ್ ತೆಗೆದು ಉಪ್ಪಿನ ಡಬ್ಬಿಯಲ್ಲಿ ಹೂತಿಟ್ಟಿದ್ದಾರೆ. ಟಿವಿಗೆ ಕಂಬಳಿ ಹೊದಿಸಿದ್ದಾರೆ. ಆ ವಿಡಿಯೊ ನೋಡಿದ ಮೇಲೆ ಜಾಸ್ತಿ ಆಗಿದೆ. ಅವರು ಹೇಳೋದು ನಿಜ ಇರಬಹುದಾ?

ಡಾಕ್ಟರ್: ಮೊದಲು ಒಂದು ವಿಷಯ. ಮನೆಯಲ್ಲಿ ಕೋವಿ ಇದೆಯಾ?

ಕಾಫಿತೋಟ: ಇದೆ ಮೇಡಂ. ಕೊಡಗಲ್ಲವಾ, ಅಜ್ಜನ ಕಾಲದ್ದು.

ಡಾಕ್ಟರ್: ಇವತ್ತೇ ಅದು ಮನೆಯಿಂದ ಹೊರಗೆ ಹೋಗಬೇಕಮ್ಮ. ಮೈದುನರೋ ಅಣ್ಣನೋ ಇದ್ದರೆ ಅವರಿಗೆ ಹೇಳಿ, ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಸರಿಯಾದ ಕಡೆ ಇಡಿಸಲಿ. ತೋಟಾ ಕೂಡ. ಅವರ ಎದುರಿಗೆ ಜಗಳ ಮಾಡಿಕೊಂಡು ತೆಗೆಯಬೇಡಿ.

ಈಗ ಚಿಪ್ ವಿಷಯ. ಮನಸ್ಸಿಗೆ ದನಿ ಕಳಿಸುವ ಚಿಪ್ ಸೂಜಿಯಲ್ಲಿ ಹೋಗುವುದಿಲ್ಲ. ಆದರೆ ಅವರಿಗೆ ದನಿ ಕೇಳಿಸುತ್ತಿರುವುದು ನಿಜ, ನಾಟಕವಲ್ಲ. ಹಾಗಾಗಿ ಚಿಪ್ ಇಲ್ಲ ಅಂತ ವಾದಿಸಬೇಡಿ, ಹೌದು ಇದೆ ಅಂತಲೂ ತಲೆ ಆಡಿಸಬೇಡಿ. "ನಿದ್ದೆ ಇಲ್ಲದೆ ಒದ್ದಾಡುತ್ತಿದ್ದೀರಿ, ಅದಕ್ಕೆ ಡಾಕ್ಟರ್ ಹತ್ತಿರ ಹೋಗೋಣ" ಅನ್ನಿ. ನಿದ್ದೆಯ ಮಾತಿಗೆ ಜನ ಒಪ್ಪುತ್ತಾರೆ.

ಕುಡಿಯುವ ಅಭ್ಯಾಸ ಇದ್ದು ಒಮ್ಮೆಲೇ ಬಿಟ್ಟರಾ? ಹಾಗಾದರೆ, ಜೊತೆಗೆ ಕೈ ನಡುಕ, ಬೆವರು ಇದ್ದರೆ, ನಾಳೆವರೆಗೂ ಕಾಯಬೇಡಿ, ಈಗಲೇ ಆಸ್ಪತ್ರೆಗೆ. ತಲೆಗೆ ಪೆಟ್ಟು ಬಿದ್ದಿತ್ತಾ? ಥೈರಾಯ್ಡ್, ಬಿ12 ಕೂಡ ನೋಡಬೇಕು. ಈ ವಯಸ್ಸಲ್ಲಿ ಹೊಸದಾಗಿ ಶುರುವಾದರೆ ದೇಹದ ಕಾರಣವನ್ನು ಮೊದಲು ಹುಡುಕಬೇಕು. ದನಿ ಏನು ಹೇಳುತ್ತದೆ ಅಂತ ಮೆಲ್ಲಗೆ ಕೇಳಿ. ಸಾಯಿ, ಹೊಡಿ ಅಂತ ಹೇಳುತ್ತಿದ್ದರೆ ಒಂಟಿ ಬಿಡಬೇಡಿ. ರಾತ್ರಿಯಾದರೂ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ತುಮಕೂರು ಬಾಯ್: ಸ್ಕ್ಯಾನ್ ಮಾಡಿಸಿ ಚಿಪ್ ಇಲ್ಲ ಅಂತ ತೋರಿಸಿಬಿಟ್ಟರೆ?

ಡಾಕ್ಟರ್: ಸ್ಕ್ಯಾನ್ ಮಾಡಿದವನೂ ಚಿಪ್ ಹಾಕಿದವರ ಕಡೆಯವನೇ ಅನ್ನುತ್ತಾರೆ. ಅದಕ್ಕಾಗಿ ಬೇಡ.

ಮನೆಮದ್ದು ಮಾವ: *ಫಾರ್ವರ್ಡ್ ಮಾಡಲಾಗಿದೆ* ತಲೆಯೊಳಗಿನ ದನಿ, ಭ್ರಮೆ, ಮಾಟಕ್ಕೆ ರಾಮಬಾಣ! ಉಮ್ಮತ್ತದ ಬೀಜ ಹಾಲಿನಲ್ಲಿ... 🙏 ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಅಡ್ಮಿನ್, ಇದನ್ನು ಈಗಲೇ ತೆಗೆಯಿರಿ. ಬಿಜ಼ೆಡ್ ಮೆದುಳಿನಲ್ಲಿ ಎಲ್ಲಿ ಕೆಲಸ ಮಾಡುತ್ತದೋ ಅಲ್ಲೇ ಉಮ್ಮತ್ತದ ವಿಷಗಳಾದ ಅಟ್ರೊಪಿನ್, ಸ್ಕೋಪೊಲಮಿನ್ ಕೆಲಸ ಮಾಡುವುದು. ಎಡ್ಜ್‌ವುಡ್‌ನಲ್ಲಿ ಪಕ್ಕದಲ್ಲಿ ವೈದ್ಯರಾದರೂ ಇದ್ದರು. ಆ ಹೆಣ್ಣುಮಗಳು ಭಯದಲ್ಲಿ ಇದನ್ನು ಮಾಡಿಬಿಟ್ಟರೆ? ಜೀವ ಹೋಗುತ್ತದೆ ಸ್ವಾಮಿ.

ಮನೆಮದ್ದು ಮಾವ: ಆಯುರ್ವೇದ ಅಂದ್ರೆ ನಿಮಗೆ ಆಗಲ್ಲ ಅಂತ ಗೊತ್ತು.

ಡಾಕ್ಟರ್: ಯಾವ ಆಯುರ್ವೇದ ವೈದ್ಯರು ವಾಟ್ಸಾಪಲ್ಲಿ ಉಮ್ಮತ್ತ ಬರೆದುಕೊಡುತ್ತಾರೆ, ತೋರಿಸಿ.

ಗದಗ ಮೇಷ್ಟ್ರು: ತಲೆಗೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿದರೆ ಅಡ್ಡಿಯಿಲ್ಲ ಅಲ್ವಾ ಮೇಡಂ?

ಡಾಕ್ಟರ್: ಚಪಾತಿಗೆ ಕಟ್ಟಿ.

ಸತ್ಯಶೋಧಕ: ಅಮೆರಿಕ ಇಪ್ಪತ್ತು ವರ್ಷ ಮುಚ್ಚಿಟ್ಟಿತ್ತು. ಹಾಗಾದರೆ ಈಗ ನಡೆಯುತ್ತಿಲ್ಲ ಅಂತ ಹೇಗೆ ಹೇಳುತ್ತೀರಿ? ಆ ಮಾಜಿ ಸೈನಿಕರೇ ಸಾಕ್ಷಿ ಇರಬಹುದು.

ನಿವೃತ್ತ ಸುಬೇದಾರ್: ಕಾಯಿಲೆ ಬಿದ್ದವನನ್ನು ಸಾಕ್ಷಿ ಮಾಡ್ತೀಯಾ? ನಾಚಿಕೆ ಇಲ್ವಾ?

ಸತ್ಯಶೋಧಕ: ಏಕವಚನ ಬೇಡ.

ನಿವೃತ್ತ ಸುಬೇದಾರ್: ಯೋಗ್ಯತೆಗೆ ತಕ್ಕ ಹಾಗೆ.

ಡಾಕ್ಟರ್: ಅಲ್ಲಿ ಪತ್ರ ಸಿಕ್ಕಿತು, ಸೆನೆಟ್ ವಿಚಾರಣೆ ನಡೆಯಿತು, ಬಲಿಯಾದವರ ಹೆಸರು ಹೊರಬಂತು. ಅದನ್ನು ಸಾಕ್ಷಿ ಅನ್ನುತ್ತಾರೆ. ಇವರು ರೋಗಿ. ಇವರನ್ನು ನಿಮ್ಮ ವಾದಕ್ಕೆ ಬಳಸಬೇಡಿ.

ಕಾಫಿತೋಟ: ಮೇಡಂ, ಭಾವ ಬಂದು ಕೋವಿ ತಗೊಂಡು ಹೋದರು. ಕುಡಿತ ಬಿಟ್ಟಿಲ್ಲ, ನಡುಕ ಇಲ್ಲ. ಮನೋವೈದ್ಯರಿಗೆ ತೋರಿಸಿದರೆ ಪೆನ್ಷನ್ ನಿಲ್ಲುತ್ತದೆ ಅಂತ ಹೆದರುತ್ತಾರೆ.

ಡಾಕ್ಟರ್: ಚಿಕಿತ್ಸೆ ತೆಗೆದುಕೊಂಡದ್ದಕ್ಕೆ ಪೆನ್ಷನ್ ನಿಲ್ಲುವುದಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ತೆಗೆದುಕೊಂಡು ಬೆಳಿಗ್ಗೆಯೇ ಹೊರಡಿ, ಭಾವನನ್ನೂ ಕರೆದುಕೊಂಡು ಹೋಗಿ. ಉಳಿದದ್ದು ನನಗೆ ಖಾಸಗಿಯಾಗಿ ಬರೆಯಿರಿ, ಇಲ್ಲಿ ಬೇಡ.

ತುಮಕೂರು ಬಾಯ್: ಮೇಡಂ, 5ಜಿ ಟವರ್‌ನಿಂದ ಇದು ಸಾಧ್ಯವಾ?

ಡಾಕ್ಟರ್: ಇಲ್ಲ.

ಗದಗ ಮೇಷ್ಟ್ರು: 4ಜಿ?

ಅಡ್ಮಿನ್: ಮನೆಮದ್ದು ಮಾವನನ್ನು ತೆಗೆದಿದ್ದೇನೆ. ಸುಬೇದಾರ್ ಸಾರ್, ಸತ್ಯಶೋಧಕ, ನಿಮ್ಮಿಬ್ಬರಿಗೂ ಕೊನೆ ಎಚ್ಚರಿಕೆ. ಕಾಮೆಂಟ್ ಮುಚ್ಚುತ್ತಿದ್ದೇನೆ.