ಆಟದ ನಡುವೆ ಕೆಲವು ಸೆಕೆಂಡು ಹ್ಯಾಂಗ್ ಆಗಿ ಮತ್ತೆ ತಾನಾಗಿಯೇ ಸರಿಹೋಗುವ ಕಂಪ್ಯೂಟರ್: ಕಾರಣ ಹುಡುಕುವುದು ಹೇಗೆ?

ಗುಮ್ಮಟದೂರು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾನೂ ನನ್ನ ತಮ್ಮನೂ ಹಂಚಿಕೊಂಡು ಬಳಸುವ ಒಂದು ಕಂಪ್ಯೂಟರ್ ಇದೆ. ಹಗಲು ಅದರಲ್ಲಿ ನನ್ನ ಲೆಕ್ಕಪತ್ರದ ಕೆಲಸ ನಡೆಯುತ್ತದೆ, ರಾತ್ರಿ ಊಟವಾದ ಮೇಲೆ ಅವನ ಆಟ. ಕಳೆದ ಎರಡು ತಿಂಗಳಿಂದ ಆಟದ ನಡುವೆ ಅದು ಇದ್ದಕ್ಕಿದ್ದಂತೆ ಹ್ಯಾಂಗ್ ಆಗುತ್ತಿದೆ. ಕೆಲವೊಮ್ಮೆ ಐದಾರು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷದವರೆಗೆ ನಿಂತು, ಬಳಿಕ ಏನೂ ಆಗಿಯೇ ಇಲ್ಲವೆಂಬಂತೆ ಮುಂದುವರಿಯುತ್ತದೆ. ನೀಲಿ ಪರದೆ ಬರುವುದಿಲ್ಲ, ರೀಸ್ಟಾರ್ಟ್ ಆಗುವುದಿಲ್ಲ, ಯಾವ ಸಂದೇಶವೂ ಕಾಣುವುದಿಲ್ಲ. ಒಂದು ದಿನ ನಾಲ್ಕು ಸಲ ಆದರೆ ಮುಂದಿನ ಎರಡು ದಿನ ಒಮ್ಮೆಯೂ ಆಗುವುದಿಲ್ಲ.

ಕಂಪ್ಯೂಟರಿನಲ್ಲಿ ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್ ಮತ್ತು 6 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಇವೆ. ವಿಂಡೋಸ್ 11 ಮತ್ತು ಆಟಗಳು 480 ಜಿಬಿಯ ಸಾಟಾ ಎಸ್‌ಎಸ್‌ಡಿಯಲ್ಲಿ, ಅಂದರೆ ಕೇಬಲ್ಲಿನಿಂದ ಜೋಡಿಸುವ, ತಿರುಗುವ ತಟ್ಟೆಗಳಿಲ್ಲದ ಡಿಸ್ಕಿನಲ್ಲಿವೆ. ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ತಂದ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಫೋಟೋಗಳನ್ನೂ ತಮ್ಮ ರೆಕಾರ್ಡ್ ಮಾಡಿದ ಆಟದ ತುಣುಕುಗಳನ್ನೂ ಇಟ್ಟಿದ್ದೇವೆ.

ಮೊದಲು ಅಂಗಡಿಗೆ ಒಯ್ದಾಗ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಭಾಗ) ದುರ್ಬಲವಾಗಿದೆ ಎಂದು ಹೊಸದನ್ನು ಹಾಕಿದರು. ಗುಣವಾಗಲಿಲ್ಲ. ಎರಡನೆಯ ಸಲ ಫಾರ್ಮ್ಯಾಟ್ ಮಾಡಿಕೊಟ್ಟರು, ಅದರಿಂದಲೂ ಗುಣವಾಗಲಿಲ್ಲ. ಈಗ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕು ಎನ್ನುತ್ತಿದ್ದಾರೆ, ಆದರೆ ಅಷ್ಟು ಹಣವನ್ನು ಊಹೆಯ ಮೇಲೆ ಸುರಿಯಲು ನನಗೆ ಮನಸ್ಸಿಲ್ಲ. ಸಂಬಂಧವಿದೆಯೋ ಇಲ್ಲವೋ ತಿಳಿಯದು, ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಕೈ ಸಣ್ಣಗೆ ಜುಮ್ಮೆನ್ನುತ್ತದೆ. ಬೇಸಿಗೆ ಶುರುವಾದ ಮೇಲೆ ಇದು ಹೆಚ್ಚಾಗಿದೆ. ಎಲ್ಲಿಂದ ಹುಡುಕಲು ಆರಂಭಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಲೇಥು ಮತ್ತು ಲಾಗು (ಬೆಳಗಾವಿ)

ನಮಸ್ಕಾರ ಸರ್. ನಾನು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಯಂತ್ರಗಳಿಗೆ ಜೋಡಿಸಿದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಅಲ್ಲಿ ಒಂದು ಕಂಪ್ಯೂಟರ್ ಹತ್ತು ಸೆಕೆಂಡು ನಿಂತರೂ ಕೆಲಸ ಕೆಡುತ್ತದೆ, ಹಾಗಾಗಿ ಈ ರೋಗದ ಹಲವು ರೂಪಗಳನ್ನು ಕಂಡಿದ್ದೇನೆ. ಇನ್ನೊಂದು ಭಾಗವನ್ನು ಕೊಳ್ಳುವ ಮೊದಲು, ಹ್ಯಾಂಗ್ ಆದ ಆ ಕೆಲವೇ ಸೆಕೆಂಡುಗಳಲ್ಲಿ ಏನು ನಿಂತಿತು, ಏನು ನಡೆಯುತ್ತಲೇ ಇತ್ತು ಎಂಬುದನ್ನು ದಯವಿಟ್ಟು ಗಮನಿಸಿರಿ. ರೋಗದ ಜಾಗವನ್ನು ಅದು ಬಹುಮಟ್ಟಿಗೆ ತೋರಿಸಿಕೊಡುತ್ತದೆ.

ಮೌಸಿನ ಬಾಣ ಸರಾಗವಾಗಿ ಓಡಾಡುತ್ತಿದ್ದು, ಹಿನ್ನೆಲೆಯ ಹಾಡೂ ಕೇಳುತ್ತಿದ್ದು, ಹೊಸದಾಗಿ ತೆರೆಯಹೋದದ್ದು ಮಾತ್ರ ತೆರೆಯದೆ ಕುಳಿತರೆ, ಪ್ರೊಸೆಸರ್ ಬದುಕಿದೆ, ಅದು ಡಿಸ್ಕಿನ ಉತ್ತರಕ್ಕಾಗಿ ಕಾಯುತ್ತಿದೆ ಎಂದು ತಿಳಿಯಬೇಕು. ಬಾಣವೂ ಧ್ವನಿಯೂ ಒಟ್ಟಿಗೆ ಮುಗ್ಗರಿಸಿ, ಸ್ಪೀಕರಿನಿಂದ ಒಂದೇ ಸ್ವರ ಗರಗರ ಎಂದು ಎಳೆದಂತೆ ಕೇಳಿದರೆ, ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ) ಅಥವಾ ಬಯೋಸ್ (ಮದರ್‌ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಕಡೆಗೆ ನೋಡಬೇಕು. ಗ್ರಾಫಿಕ್ಸ್ ಕಾರ್ಡಿನ ತೊಂದರೆಯಾದರೆ ಹೆಚ್ಚಾಗಿ ಪರದೆ ಕಪ್ಪಾಗಿ ಮರಳುತ್ತದೆ, ಏಕೆಂದರೆ ಕಾರ್ಡ್ 2 ಸೆಕೆಂಡುಗಳಲ್ಲಿ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನು ತಾನೇ ಮರುಪ್ರಾರಂಭಿಸಿ, ತನ್ನ ದಾಖಲೆಯಲ್ಲಿ 4101 ಎಂಬ ಸಂಖ್ಯೆಯಡಿ ಬರೆದಿಡುತ್ತದೆ. ಶಾಖದ ತೊಂದರೆಯಲ್ಲಿ ಆಟ ನಿಲ್ಲುವುದಕ್ಕಿಂತ ನಿಧಾನವಾಗುವುದೇ ಹೆಚ್ಚು.

ಆಡುವಾಗ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟವನ್ನು ತೆರೆದಿಟ್ಟು, ಆಟವನ್ನು ಪೂರ್ಣ ಪರದೆಯ ಬದಲು ಕಿಟಕಿಯಲ್ಲಿ ಓಡಿಸಿರಿ. ನಿಂತಾಗ ಡಿಸ್ಕಿನ ಸಕ್ರಿಯ ಸಮಯ 100% ತೋರಿಸುತ್ತಿದ್ದು, ಓದುವ ಮತ್ತು ಬರೆಯುವ ವೇಗ ಎರಡೂ ಸೊನ್ನೆಯಾಗಿದ್ದರೆ ಅನುಮಾನ ಬಹುತೇಕ ಖಚಿತವಾದಂತೆ.

ಒಂದು ಕಾಗದದಲ್ಲಿ, ನಿಂತ ಹೊತ್ತನ್ನು ಗಂಟೆ, ನಿಮಿಷ, ಸೆಕೆಂಡು ಸಹಿತ ಬರೆದಿಡಿರಿ. ಮರುದಿನ, ವಿಂಡೋಸ್ ಬರೆದಿಡುವ ದಾಖಲೆಗಳನ್ನು (ಲಾಗ್) ತೋರಿಸುವ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ವಿಭಾಗದಲ್ಲಿ ಅದೇ ಹೊತ್ತಿನ ದಾಖಲೆಗಳನ್ನು ಹೋಲಿಸಿರಿ. 129 ಎಂಬ ಸಂಖ್ಯೆಯ ದಾಖಲೆ ಇದ್ದರೆ, ಡಿಸ್ಕ್ ನಿಗದಿತ ಅವಧಿಯಲ್ಲಿ ಉತ್ತರಿಸದ ಕಾರಣ ವಿಂಡೋಸ್ ಅದರ ಸಂಪರ್ಕವನ್ನು ರೀಸೆಟ್ ಮಾಡಿದೆ ಎಂದರ್ಥ. 153 ಇದ್ದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಯಿತು ಎಂದರ್ಥ. ಇಲ್ಲಿ ಅನೇಕರು ಎಡವುವ ಒಂದು ಸಂಗತಿ ಇದೆ: ಕಾದು ಕಾದು ಕೊನೆಗೆ ರೀಸೆಟ್ ಮಾಡುವುದರಿಂದ, 129 ದಾಖಲಾಗುವ ಹೊತ್ತು ಹ್ಯಾಂಗಿನ ಆರಂಭದ್ದಾಗಿರದೆ ಅದರ ಕೊನೆಯದಾಗಿರುತ್ತದೆ. ಅರ್ಧ ನಿಮಿಷದ ವ್ಯತ್ಯಾಸ ಕಂಡರೆ ಸಂಬಂಧವಿಲ್ಲವೆಂದು ಬಿಟ್ಟುಬಿಡಬೇಡಿರಿ.

ನವನಗರದವ (ಬಾಗಲಕೋಟೆ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ತಮ್ಮ ಪ್ರೊಸೆಸರ್ ರೈಜನ್ ಆಗಿರುವುದರಿಂದ ಇನ್ನೊಂದು ಕಾರಣವನ್ನು ಹೇಳಲೇಬೇಕು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಈ ಪ್ರೊಸೆಸರುಗಳು ಬಯೋಸ್ ಮೂಲಕವೇ ಒದಗಿಸುತ್ತವೆ. ಅದು ಮದರ್‌ಬೋರ್ಡಿನ ಫ್ಲ್ಯಾಶ್ ಚಿಪ್ಪಿನೊಂದಿಗೆ ವ್ಯವಹರಿಸುವಾಗ ಕೆಲವು ಕಂಪ್ಯೂಟರುಗಳು ಕ್ಷಣಕಾಲ ತಡವರಿಸುತ್ತವೆ ಎಂದು ರೈಜನ್ ತಯಾರಿಸುವ ಎಎಂಡಿ ಸಂಸ್ಥೆಯೇ 2022ರ ಮಾರ್ಚಿನಲ್ಲಿ ಒಪ್ಪಿಕೊಂಡು, ಎಜೆಸಾ (ಬಯೋಸ್ ಒಳಗಿನ ಎಎಂಡಿಯ ತಂತ್ರಾಂಶ) 1.2.0.7 ಆಧಾರಿತ ಹೊಸ ಬಯೋಸ್‌ಗಳಲ್ಲಿ ಅದನ್ನು ಸರಿಪಡಿಸಿತು. ನನ್ನ ಕಂಪ್ಯೂಟರಿನಲ್ಲಿ ದಿನಕ್ಕೆ ಎರಡು ಮೂರು ಸಲ ಬಾಣವೂ ಧ್ವನಿಯೂ ಕೂಡಿಯೇ ಒಂದೆರಡು ಸೆಕೆಂಡು ಮುಗ್ಗರಿಸುತ್ತಿದ್ದವು. ಬಯೋಸ್ ಹೊಸದು ಮಾಡಿದ ದಿನದಿಂದ ನಿಂತಿದೆ.

ಆದರೆ ಅವಸರ ಬೇಡ. ಬಯೋಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಮದರ್‌ಬೋರ್ಡ್ ಏಳದೇ ಹೋಗಬಹುದು, ಆದ್ದರಿಂದ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಮೊದಲು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅದರ ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳಬೇಕು, ಇಲ್ಲವಾದರೆ ಸ್ವಂತ ಡಿಸ್ಕಿಗೇ ಪ್ರವೇಶ ಸಿಗದೆ ಪರದಾಡಬೇಕಾಗುತ್ತದೆ.

ಬಿಸಿಲುನಾಡಿನ ವೈರಿಂಗ್ (ವಿಜಯಪುರ)

ಸರ್, ಹ್ಯಾಂಗ್ ಆಗುವ ವಿಷಯವನ್ನು ಮೇಲಿನ ಇಬ್ಬರು ನನಗಿಂತ ಚೆನ್ನಾಗಿ ಬಲ್ಲರು. ತಾವು ಕೊನೆಯಲ್ಲಿ ಹಗುರವಾಗಿ ಹೇಳಿದ ಜುಮ್ಮೆನ್ನುವ ಮಾತು ನನ್ನನ್ನು ಬರೆಯಲು ಹಚ್ಚಿತು. ನಾನು ಇದೇ ಊರಿನಲ್ಲಿ ಮನೆಗಳ ವೈರಿಂಗ್ ಕೆಲಸ ಮಾಡುವವನು. ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಗದ್ದಲವನ್ನು ತಡೆಯಲು ಸಣ್ಣ ಕೆಪಾಸಿಟರುಗಳನ್ನು ಫೇಸ್ ಮತ್ತು ನ್ಯೂಟ್ರಲ್‌ಗಳಿಂದ ಅರ್ಥಿಂಗ್ ತಂತಿಗೆ ಜೋಡಿಸಿರುತ್ತಾರೆ. ಅರ್ಥಿಂಗ್ ಸರಿಯಿದ್ದರೆ ಅವುಗಳ ಮೂಲಕ ಸೋರುವ ಅತ್ಯಲ್ಪ ಕರೆಂಟು ಭೂಮಿಗೆ ಇಳಿದುಹೋಗುತ್ತದೆ. ಅರ್ಥಿಂಗ್ ಕಡಿದುಹೋಗಿದ್ದರೆ 230 ವೋಲ್ಟಿನ ಸುಮಾರು ಅರ್ಧದಷ್ಟು ಕ್ಯಾಬಿನೆಟ್ಟಿನ ತಗಡಿನ ಮೇಲೆ ನಿಲ್ಲುತ್ತದೆ. ಕರೆಂಟು ಅಲ್ಪವಾದ್ದರಿಂದ ಬರೀ ಜುಮ್ಮೆನ್ನುತ್ತದೆ, ನಿಜ. ಆದರೆ ಮನೆಯಲ್ಲಿ ಅರ್ಥಿಂಗ್ ಇಲ್ಲವೆಂದರೆ ನಾಳೆ ಗೀಸರಿನಲ್ಲೋ ವಾಷಿಂಗ್ ಮಷಿನ್ನಿನಲ್ಲೋ ಫೇಸ್ ತಂತಿ ತಗಡಿಗೆ ತಾಗಿದರೆ ಕಾಪಾಡುವುದಕ್ಕೆ ಏನೂ ಇರುವುದಿಲ್ಲ.

ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಯ ಮಣ್ಣು ಕರೆಂಟನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗುಂಡಿಗೆ ನೀರು ಹಾಕುವುದನ್ನು ಎಷ್ಟೋ ಮನೆಗಳಲ್ಲಿ ಮರೆತೇಬಿಟ್ಟಿರುತ್ತಾರೆ. ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಕಂಪ್ಯೂಟರಿನ ಪ್ಲಗ್ಗಿನಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವಿನ ವೋಲ್ಟೇಜ್ ಅಳೆಯಿಸಿರಿ. ಅದು ಕೆಲವೇ ವೋಲ್ಟ್ ಇರಬೇಕು. ಹ್ಯಾಂಗ್ ಗುಣವಾದರೂ ಆಗದಿದ್ದರೂ ಈ ಕೆಲಸವನ್ನು ಮಾತ್ರ ಮುಂದೂಡಬೇಡಿರಿ.

ಗುಮ್ಮಟದೂರು (ವಿಜಯಪುರ)

ಮೂವರಿಗೂ ಧನ್ಯವಾದಗಳು. ಆರು ದಿನ ಗಮನಿಸಿ ಬರೆಯುತ್ತಿದ್ದೇನೆ. ನನ್ನ ತಮ್ಮ ತನ್ನ ಮೊಬೈಲಿನಲ್ಲಿ ಹೊತ್ತು ಬರೆದಿಟ್ಟ ಏಳು ಹ್ಯಾಂಗ್‌ಗಳ ಪೈಕಿ ನಾಲ್ಕರಲ್ಲಿ ಬೆಳಗಾವಿಯ ಸರ್ ಹೇಳಿದಂತೆಯೇ ಮೌಸಿನ ಬಾಣ ಓಡಾಡುತ್ತಿತ್ತು, ಗೆಳೆಯರೊಡನೆ ಮಾತನಾಡುವ ಧ್ವನಿಯೂ ಕೇಳುತ್ತಿತ್ತು, ಎಸ್‌ಎಸ್‌ಡಿ ಮಾತ್ರ 100% ತೋರಿಸುತ್ತ ಸೊನ್ನೆ ವೇಗದಲ್ಲಿ ನಿಂತಿತ್ತು. ಆ ನಾಲ್ಕಕ್ಕೂ ಲಾಗಿನಲ್ಲಿ 129 ಸಿಕ್ಕಿದೆ, ಪ್ರತಿಯೊಂದೂ ಹ್ಯಾಂಗ್ ಮುಗಿದ ಹೊತ್ತಿಗೇ ದಾಖಲಾಗಿದೆ. ಉಳಿದ ಮೂರು ಚಿಕ್ಕವು, ಏಳೆಂಟು ಸೆಕೆಂಡಿನವು. ಅವುಗಳಿಗೆ ಲಾಗಿನಲ್ಲಿ ಏನೂ ಇಲ್ಲ, ಅದೇ ನನಗೆ ಒಗಟಾಗಿದೆ. ಹಾಗಾದರೆ ಎಸ್‌ಎಸ್‌ಡಿ ಕೆಟ್ಟಿದೆಯೆಂದು ಹೊಸದನ್ನು ಕೊಳ್ಳಬೇಕೇ?

ಲೇಥು ಮತ್ತು ಲಾಗು (ಬೆಳಗಾವಿ)

ಈಗಲೇ ಕೊಳ್ಳಬೇಡಿರಿ. ಬ್ಯಾಕಪ್ ಮಾತ್ರ ಇಂದೇ ತೆಗೆದುಕೊಳ್ಳಿರಿ. 129 ಬಂದಾಗ ಡಿಸ್ಕ್ ಕೆಟ್ಟಿರಬಹುದು, ಅಥವಾ ಡಿಸ್ಕಿನವರೆಗಿನ ದಾರಿ ಕೆಟ್ಟಿರಬಹುದು. ಎರಡನ್ನೂ ಬೇರ್ಪಡಿಸಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಸಿ7 ಎಂಬ ಸಾಲನ್ನು ನೋಡಿರಿ. ಕೇಬಲ್ಲಿನ ಮೂಲಕ ಬರುವಾಗ ಮಾಹಿತಿ ಎಷ್ಟು ಸಲ ಕೆಟ್ಟು ಬಂದಿದೆ ಎಂಬ ಸಿಆರ್‌ಸಿ ಎಣಿಕೆ ಅದು. ಅದು ಏರುತ್ತಿದ್ದರೆ ಮೊದಲ ಅನುಮಾನ ಕೇಬಲ್ ಅಥವಾ ಅದರ ಜೋಡಣೆಯ ಮೇಲೆ. ಆ ತಂತ್ರಾಂಶ ಸಂಖ್ಯೆಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ, ಆದ್ದರಿಂದ 1ಎ4 ಎಂದು ಕಂಡರೆ ಅದು ನಮ್ಮ ಲೆಕ್ಕದಲ್ಲಿ 420.

ಸಾಟಾ ಕೇಬಲ್ ನೋಡಲು ಕ್ಷುಲ್ಲಕ ವಸ್ತು, ಆದರೆ ಅದರಲ್ಲಿ ಸೆಕೆಂಡಿಗೆ 6 ಗಿಗಾಬಿಟ್ ವೇಗದಲ್ಲಿ ಮಾಹಿತಿ ಹರಿಯುತ್ತದೆ. ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಲೆಂದು ಅದನ್ನು ಒತ್ತಿ ಮಡಿಚಿದರೆ ಒಳಗಿನ ತಂತಿ ನಲುಗುತ್ತದೆ. ಅದರ ಕನೆಕ್ಟರನ್ನು ಸುಮಾರು 50 ಸಲ ಹಾಕಿ ತೆಗೆಯುವಷ್ಟಕ್ಕೇ ರೂಪಿಸಿರುತ್ತಾರೆ, ಲೋಹದ ಕೊಂಡಿ ಇಲ್ಲದ ಕೇಬಲ್ ತಾನಾಗಿಯೂ ಸಡಿಲವಾಗುತ್ತದೆ. ಅಂಗಡಿಯಲ್ಲಿ ಎಸ್‌ಎಂಪಿಎಸ್ ಬದಲಿಸುವಾಗ ಎಲ್ಲ ಕೇಬಲ್ಲುಗಳನ್ನೂ ಎಳೆದಾಡಿರುತ್ತಾರೆ ಎಂಬುದನ್ನೂ ನೆನಪಿಡಿರಿ. ಪ್ಲಗ್ ತೆಗೆದು, ಕೊಂಡಿ ಇರುವ ಹೊಸ ಕೇಬಲ್ ಹಾಕಿ, ಮದರ್‌ಬೋರ್ಡಿನ ಬೇರೆ ಸಾಟಾ ಜಾಗಕ್ಕೆ ಜೋಡಿಸಿರಿ. ಹಳೆಯ ಎಣಿಕೆ ಸೊನ್ನೆಗೆ ಮರಳುವುದಿಲ್ಲ, ಮುಂದೆ ಏರದಿದ್ದರೆ ಸಾಕು. ಕೇಬಲ್ ಬದಲಿಸಿಯೂ 129 ಮುಂದುವರಿದರೆ ಆಗ ಎಸ್‌ಎಸ್‌ಡಿಯ ಮಾತು.

ಬಾಗಲಕೋಟೆಯವರು ಹೇಳಿದ ಬಯೋಸ್ ಕಾರಣ ಸತ್ಯವೇ, ಆದರೆ ತಮ್ಮಲ್ಲಿ ಬಾಣವೂ ಧ್ವನಿಯೂ ಮುಗ್ಗರಿಸುತ್ತಿಲ್ಲವಾದ್ದರಿಂದ ಸದ್ಯಕ್ಕೆ ಅದನ್ನು ಬದಿಗಿಡಬಹುದು.

ಲಾಗಿನಲ್ಲಿ ಸುಳಿವು ಬಿಡದ ಆ ಮೂರು ಚಿಕ್ಕ ಹ್ಯಾಂಗ್‌ಗಳ ಬಗ್ಗೆ ಒಂದು ಪ್ರಶ್ನೆ: ಆಗ ಕ್ಯಾಬಿನೆಟ್ಟಿನೊಳಗಿಂದ ಏನಾದರೂ ಸದ್ದು ಕೇಳಿಸಿತೇ?

ಗುಮ್ಮಟದೂರು (ವಿಜಯಪುರ)

ತಮ್ಮನನ್ನು ಕೇಳಿದೆ. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುವುದರಿಂದ ಅವನಿಗೆ ಗೊತ್ತಿರಲಿಲ್ಲ. ನಿನ್ನೆ ನಾನೇ ಪಕ್ಕದಲ್ಲಿ ಕುಳಿತೆ. ಅವನು ಆಟದ ತುಣುಕೊಂದನ್ನು ಉಳಿಸಲು ಗುಂಡಿ ಒತ್ತಿದ ಕೂಡಲೇ ಆಟ ನಿಂತಿತು, ಡಬ್ಬಿಯೊಳಗಿಂದ ಗುಂಯ್ ಎಂದು ಏರುವ ಸದ್ದು ಬಂದಿತು, ಎಂಟು ಸೆಕೆಂಡಿಗೆ ಆಟ ಮುಂದುವರಿಯಿತು.

ಸಿ7 ಸಾಲಿನಲ್ಲಿ ಭಾನುವಾರ ನಿಜವಾಗಿಯೂ 1ಎ4 ಇತ್ತು. ಗುರುವಾರ 1ಡಿ2, ಅಂದರೆ 466 ಆಗಿದೆ.

ಲೇಥು ಮತ್ತು ಲಾಗು (ಬೆಳಗಾವಿ)

ಹಾಗಾದರೆ ತಮ್ಮಲ್ಲಿ ಎರಡು ರೋಗಗಳು ಒಂದೇ ವೇಷದಲ್ಲಿವೆ. ದೊಡ್ಡ ಹ್ಯಾಂಗ್ ಎಸ್‌ಎಸ್‌ಡಿಯ ಕೇಬಲ್ಲಿನದು. ಚಿಕ್ಕದು ಹಳೆಯ ಹಾರ್ಡ್ ಡಿಸ್ಕಿನದು, ಮತ್ತು ಅದು ದೋಷವೇ ಅಲ್ಲ. 20 ನಿಮಿಷ ಯಾರೂ ಮುಟ್ಟದಿದ್ದರೆ ವಿಂಡೋಸ್ ರೂಢಿಯಂತೆ ಹಾರ್ಡ್ ಡಿಸ್ಕಿನ ತಿರುಗಾಟವನ್ನು ನಿಲ್ಲಿಸಿಬಿಡುತ್ತದೆ. ಮತ್ತೆ ಬರೆಯಬೇಕಾದಾಗ ಅದರ ತಟ್ಟೆಗಳು ವೇಗ ಹಿಡಿಯುವವರೆಗೆ, ಬರೆಯಲು ಕೇಳಿದ ತಂತ್ರಾಂಶ ಕಾಯುತ್ತದೆ. ಎಲ್ಲವೂ ಅಪೇಕ್ಷಿತವಾದ್ದರಿಂದ ಲಾಗಿನಲ್ಲಿ ದಾಖಲಾಗುವುದಿಲ್ಲ. ಪವರ್ ಆಪ್ಶನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್ ಡಿಸ್ಕ್ ನಿಲ್ಲಿಸುವ ಅವಧಿಯನ್ನು 0 ಮಾಡಿರಿ, ಅಂದರೆ ಎಂದಿಗೂ ನಿಲ್ಲಿಸಬೇಡ ಎಂದು. ಒಂದು ಹಾರ್ಡ್ ಡಿಸ್ಕಿಗೆ ಬೇಕಾಗುವ ಕರೆಂಟು ಕೆಲವೇ ವಾಟ್, ಅದಕ್ಕಾಗಿ ಚಿಂತಿಸಬೇಕಾಗಿಲ್ಲ.

ಗುಮ್ಮಟದೂರು (ವಿಜಯಪುರ)

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಬಿಚ್ಚಿ ನೋಡಿದಾಗ ಎಸ್‌ಎಸ್‌ಡಿಯ ಕೆಂಪು ಕೇಬಲ್ ಕನೆಕ್ಟರಿನ ಬುಡದಲ್ಲೇ ಬಾಗಿಲಿಗೆ ಒತ್ತಿ ಕಾಗದ ಮಡಿಚಿದಂತೆ ಮಡಿಚಿಕೊಂಡಿತ್ತು, ಬೆರಳಿನಿಂದ ಮುಟ್ಟಿದರೆ ಅಲ್ಲಾಡುತ್ತಿತ್ತು. ಕೊಂಡಿಯಿರುವ ಹೊಸ ಕೇಬಲ್ ಹಾಕಿದ್ದೇನೆ, ಹಾರ್ಡ್ ಡಿಸ್ಕಿನ ಅವಧಿಯನ್ನೂ ಬದಲಿಸಿದ್ದೇನೆ. ಅಂದಿನಿಂದ ಲಾಗಿನಲ್ಲಿ 129 ಒಂದೂ ಬಂದಿಲ್ಲ, ಸಿ7 ಎಣಿಕೆ ಬದಲಿಸಿದ ದಿನ ಎಲ್ಲಿತ್ತೋ ಅಲ್ಲೇ ನಿಂತಿದೆ. ಗ್ರಾಫಿಕ್ಸ್ ಕಾರ್ಡ್ ಹಳೆಯದೇ ಇದೆ.

ನಮ್ಮೂರಿನ ವೈರಿಂಗ್ ಅಣ್ಣನವರಿಗೆ ವಿಶೇಷವಾಗಿ ತಿಳಿಸಬೇಕು. ಪ್ಲಗ್ಗಿನ ಹಿಂದೆ ಅರ್ಥಿಂಗ್ ತಂತಿ ಸ್ಕ್ರೂವಿನಿಂದ ಕಳಚಿ ಗಾಳಿಯಲ್ಲೇ ನಿಂತಿತ್ತು, ಗುಂಡಿಯೂ ಒಣಗಿತ್ತು. ಎರಡನ್ನೂ ಸರಿಪಡಿಸಿದ ಮೇಲೆ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ 2 ವೋಲ್ಟ್ ತೋರಿಸುತ್ತಿದೆ, ಕೈ ಜುಮ್ಮೆನ್ನುವುದೂ ನಿಂತಿದೆ. ಅವ್ವ ಈಗ ತುಳಸಿಗೆ ನೀರು ಹಾಕುವಾಗ ಆ ಗುಂಡಿಗೂ ಒಂದು ತಂಬಿಗೆ ಹಾಕುತ್ತಾಳೆ.