ತಂದೆಯ ಟ್ರೆಡಲ್ ಮುದ್ರಣ ಯಂತ್ರ ಉಳಿಸಿಕೊಳ್ಳಲೇ, ಗುಜರಿಗೆ ಕೊಡಲೇ? ಅನುಭವವಿರುವವರು ತಿಳಿಸಿ

ಶಿವಮೊಗ್ಗದವಳು:
ನಮ್ಮ ತಂದೆಯವರ ಮುದ್ರಣಾಲಯ 2004ರಲ್ಲಿ ನಿಂತುಹೋಯಿತು. 10×15 ಇಂಚಿನ ಒಂದು ಟ್ರೆಡಲ್, ಹದಿನಾಲ್ಕು ಕೇಸ್ (ಖಾನೆಗಳಿರುವ ಪೆಟ್ಟಿಗೆ) ಕನ್ನಡ ಮೊಳೆ (ಸೀಸದ ಅಚ್ಚಕ್ಷರ) ಮತ್ತು ಪೋಸ್ಟರಿಗೆ ಬಳಸುತ್ತಿದ್ದ ಮರದ ಅಕ್ಷರಗಳ ಎರಡು ಪೆಟ್ಟಿಗೆಗಳು ಹಿಂದಿನ ಕೋಣೆಯಲ್ಲಿ ಹಾಗೆಯೇ ಇವೆ. ಗುಜರಿಯವರು ಮೊಳೆಗೆ ಕೆ.ಜಿ.ಗೆ 140 ರೂಪಾಯಿ, ಯಂತ್ರಕ್ಕೆ ಕಬ್ಬಿಣದ ದರ ಹೇಳಿ ಹೋಗಿದ್ದಾರೆ. ನಾನು ಡಿಸೈನ್ ಓದಿದವಳು. ಲಗ್ನಪತ್ರಿಕೆಗಳನ್ನೂ ಚಿಕ್ಕ ಪೋಸ್ಟರುಗಳನ್ನೂ ಇದರಲ್ಲೇ ಅಚ್ಚು ಹಾಕಬೇಕೆಂಬ ಆಸೆಯಿದೆ. ಮೊಳೆಗೆ ಶಾಯಿ ಹಚ್ಚುವ ಮೂರೂ ರೋಲರುಗಳು ಕರಗಿ ಅಂಟಾಗಿವೆ. ಹೊಸ ರೋಲರ್ ಹಾಕಿಸುವಾಗ ಏನನ್ನು ಗಮನಿಸಬೇಕು, ಮೊಳೆಯನ್ನೇ ಬಳಸಲೇ ಅಥವಾ ಪಾಲಿಮರ್ ಪ್ಲೇಟ್ (ಅಕ್ಷರಗಳು ಉಬ್ಬಿರುವ ಪ್ಲಾಸ್ಟಿಕ್ ಹಾಳೆ) ಮಾಡಿಸಲೇ ಎಂಬುದನ್ನು ದಯವಿಟ್ಟು ತಿಳಿಸಿ.

ನಿವೃತ್ತ ಕಂಪೋಸಿಟರ್:
ನಾನು 1979ರಿಂದ 2001ರವರೆಗೆ ಕೇಸಿನ ಮುಂದೆ ನಿಂತು ಮೊಳೆ ಜೋಡಿಸಿದವನು. ತಾಯಿ, ಮೊದಲು ನಿಮ್ಮ ಕೇಸಿನಲ್ಲಿ ‘ಶ್ರೀ’ ಎಷ್ಟಿವೆ ಎಂದು ಎಣಿಸಿರಿ. ಲಗ್ನಪತ್ರಿಕೆಯ ಒಕ್ಕಣೆಯನ್ನು ಯಾರು ಬೇಕಾದರೂ ಜೋಡಿಸಬಹುದು. ಪ್ರಾಣ ಹಿಂಡುವುದು ಕೊನೆಯಲ್ಲಿ ಬರುವ ‘ಸುಖಾಗಮನ ಬಯಸುವವರು’ ಎಂಬ ಪಟ್ಟಿ. 1987ರಲ್ಲಿ ಒಂದು ಮನೆಯವರು ನಲವತ್ತು ಹೆಸರು ಕೊಟ್ಟರು, ಪ್ರತಿ ಹೆಸರಿಗೂ ಶ್ರೀ ಅಥವಾ ಶ್ರೀಮತಿ ಆಗಲೇಬೇಕು, ನಮ್ಮಲ್ಲಿ ಒಂದೇ ಮೊಳೆಯಾಗಿ ಎರಕಗೊಂಡ 12 ಪಾಯಿಂಟಿನ ‘ಶ್ರೀ’ ಇದ್ದದ್ದು ಇಪ್ಪತ್ತೊಂದು. ಅರ್ಧ ಪಟ್ಟಿಯನ್ನು ಜೋಡಿಸಿ, ನಾನೂರು ಪತ್ರಿಕೆ ಅಚ್ಚು ಹಾಕಿ, ಚೇಸ್ (ಮೊಳೆಗಳನ್ನು ಬಿಗಿದಿಡುವ ಚೌಕಟ್ಟು) ಬಿಚ್ಚಿ, ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅವೇ ಮೊಳೆಗಳಿಂದ ಉಳಿದರ್ಧವನ್ನು ಜೋಡಿಸಿ, ಅವೇ ಪತ್ರಿಕೆಗಳನ್ನು ಮತ್ತೊಮ್ಮೆ ಯಂತ್ರಕ್ಕೆ ಕೊಟ್ಟೆವು. ಎರಡನೆಯ ಅರ್ಧ ಕೂದಲೆಳೆಯಷ್ಟು ಓರೆಯಾಯಿತು. ಹುಡುಗಿಯ ಸೋದರಮಾವನ ಹೆಸರು ಆ ಓರೆಯ ಭಾಗದಲ್ಲೇ ಬಂದಿದ್ದರಿಂದ ಅವರು 60 ರೂಪಾಯಿ ಹಿಡಿದುಕೊಂಡರು. ಮಾಲೀಕರು ಆ ಹಣವನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು.

ಮೊಳೆ ಮಾರಬೇಡಿ. ಗುಜರಿಯವನಿಗೆ ಅದು ಬರೀ ಸೀಸ. ಅದರೊಳಗಿನ ತವರಕ್ಕೂ ಆಂಟಿಮನಿಗೂ ಅವನು ಬೇರೆ ಬೆಲೆ ಕೊಡುವುದಿಲ್ಲ.

ಮಲ್ಲೇಶ್ವರದ ಅಚ್ಚುಮನೆ:
ಭಾವನೆಯ ಮಾತು ಸಾಕು, ಲೆಕ್ಕ ಹೇಳುತ್ತೇನೆ. ನಾನು 2018ರಲ್ಲಿ ಹಳೆಯ ಟ್ರೆಡಲ್ ಕೊಂಡದ್ದು 1,35,000 ರೂಪಾಯಿಗೆ. ಕ್ರೇನ್ ಮತ್ತು ಲಾರಿಗೆ 18,500 ಆಯಿತು, ಏಕೆಂದರೆ ಮೊದಲ ದಿನ ಬಂದ ಕ್ರೇನ್ ನಮ್ಮ ಅಡ್ಡರಸ್ತೆಯೊಳಗೆ ತಿರುಗಲಾರದೆ ಹಿಂದಕ್ಕೆ ಹೋಯಿತು, ಅದಕ್ಕೂ ಬಾಡಿಗೆ ಕೊಟ್ಟೆ. ಮೊಸಾಯಿಕ್ ನೆಲ ಬಿರುಕು ಬಿಟ್ಟಿತು. ಅಗೆದು ಕಾಂಕ್ರೀಟ್ ಹಾಕಿಸಲು 22,000. ಮೋಟಾರು 9,400. ಬಳಿಕ ಪಾಲಿಮರ್ ಪ್ಲೇಟ್ ಅಂಟಿಸಲು ಅಲ್ಯೂಮಿನಿಯಂ ಬೇಸ್ ಮಾಡಿಸಿದೆ. ಮೊಳೆಯ ಎತ್ತರ 0.918 ಇಂಚು ಎಂಬುದು ನಿಮಗೆ ಗೊತ್ತಿರುತ್ತದೆ. ಪ್ಲೇಟಿನ ದಪ್ಪವನ್ನು ಕಳೆದು ಬೇಸಿನ ಅಳತೆ ಕೊಟ್ಟೆ, ಆದರೆ ನಡುವೆ ಹಾಕುವ ಎರಡು ಬದಿಯ ಅಂಟುಪಟ್ಟಿಯ ದಪ್ಪವನ್ನು ಕಳೆಯಲು ಮರೆತೆ. ಪ್ಲೇಟು ಎತ್ತರವಾಗಿ ನಿಂತು, ರೋಲರು ಅಕ್ಷರದ ತಲೆಯ ಮೇಲೆ ಹಾಯುವ ಬದಲು ಅಂಚಿಗೆ ಬಡಿದು, ಪ್ರತಿ ಅಕ್ಷರದ ಸುತ್ತಲೂ ಶಾಯಿಯ ಕಟ್ಟೆ ಕಟ್ಟಿತು. ಹತ್ತಿ ನಾರಿನ ಕಾಗದದ 260 ಹಾಳೆ ಹಾಳು, ಒಂದಕ್ಕೆ 85 ರೂಪಾಯಿಯಂತೆ.

ಆದರೂ ಈಗ ಬದುಕುತ್ತಿದ್ದೇನೆ. ಗಿರಾಕಿಗಳು ಪತ್ರಿಕೆಯ ಮೇಲೆ ಬೆರಳಾಡಿಸಿ ಅಕ್ಷರದ ಹಳ್ಳವನ್ನು ಮುಟ್ಟಿ ನೋಡುತ್ತಾರೆ, ಆ ಹಳ್ಳಕ್ಕೇ ಹಣ ಕೊಡುತ್ತಾರೆ. ಮೊಳೆಯಿಂದ ಅದು ಆಗುವುದಿಲ್ಲ.

ನಿವೃತ್ತ ಕಂಪೋಸಿಟರ್:
ಹಳ್ಳ! ನಮ್ಮ ಫೋರ್‌ಮನ್ ಹಾಳೆಯನ್ನು ಮಗುಚಿ ಹಿಂಬದಿಗೆ ಹೆಬ್ಬೆರಳು ಸವರುತ್ತಿದ್ದರು. ಅಕ್ಷರದ ಗುರುತು ತಾಗಿದರೆ ಆ ಹಾಳೆಯಿಂದಲೇ ತಲೆಗೆ ಮೊಟಕುತ್ತಿದ್ದರು. ಮೊಳೆಯು ಕಾಗದವನ್ನು ಮುಟ್ಟಿ ಬರಬೇಕೇ ಹೊರತು ಗುದ್ದಿ ಬರಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಹಾಳೆಯ ಹಿಂದೆ ಮೆತ್ತೆಯಂತೆ ಇಡುವ ಪ್ಯಾಕಿಂಗಿನ ಕೆಳಗೆ ತೆಳುಕಾಗದದ ಚೂರುಗಳನ್ನು ಒಂದೊಂದಾಗಿ ಅಂಟಿಸಿ ಒತ್ತಡವನ್ನು ಸಮ ಮಾಡಲು ನಾವು ಅರ್ಧ ದಿನ ಕಳೆಯುತ್ತಿದ್ದುದು ಏತಕ್ಕೆ ಎಂದುಕೊಂಡಿದ್ದೀರಿ? ನೀವು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಪ್ಲಾಸ್ಟಿಕ್ಕಿನಲ್ಲಿ ಕೊರೆಸಿ, ಕಾಗದಕ್ಕೆ ಗುದ್ದಿ, ಅದನ್ನು ಹಳೆಯ ಕಲೆ ಎಂದು ಮಾರುತ್ತಿದ್ದೀರಿ.

ಮಲ್ಲೇಶ್ವರದ ಅಚ್ಚುಮನೆ:
ಸರ್, ತಾವು ಹಿರಿಯರು, ಆದರೆ ಒಂದು ವಿಷಯವನ್ನು ಒಪ್ಪಿಕೊಳ್ಳಿ. ತಾವು ಮುಟ್ಟಿಸಿದ್ದು ತೆಳುವಾದ ಮ್ಯಾಪ್‌ಲಿಥೋ ಕಾಗದಕ್ಕೆ, ಮತ್ತು ಮೊಳೆ ಸವೆಯಬಾರದೆಂಬ ಉಳಿತಾಯಕ್ಕೆ. 600 ಜಿಎಸ್‌ಎಂನ ದಪ್ಪ ಹತ್ತಿ ಕಾಗದ ಅಂದು ತಮ್ಮ ಕೈಗೆ ಬಂದಿದ್ದರೆ ತಾವೂ ಒತ್ತುತ್ತಿದ್ದಿರಿ. ಸವೆದ ಪ್ಲೇಟನ್ನು ನಾನು ಎಸೆಯುತ್ತೇನೆ, ತಮಗೆ ಮೊಳೆಯನ್ನು ಎಸೆಯುವ ಅನುಕೂಲವಿರಲಿಲ್ಲ.

ಗದಗದ ಆಫ್‌ಸೆಟ್ಟಿನವರು:
ಇಬ್ಬರೂ ಬಡಿದಾಡುವುದನ್ನು ಕಂಡು ನಗು ಬರುತ್ತಿದೆ. ಮುದ್ರಣ ಕಾಶಿ ಎನಿಸಿಕೊಂಡ ಊರಿನಲ್ಲಿ ಹುಟ್ಟಿ ನಾನು 1998ರಲ್ಲಿ ಎರಡು ಟ್ರೆಡಲ್, ಒಂದು ಸಿಲಿಂಡರ್ ಯಂತ್ರ, ಒಂದೂವರೆ ಟನ್ ಮೊಳೆಯನ್ನು ಒಂದೇ ದಿನ ತೂಕಕ್ಕೆ ಹಾಕಿದೆ. ಮೊಳೆಯ ಬೆಲೆ 31 ರೂಪಾಯಿಯಂತೆ ಬಂತು. ತಕ್ಕಡಿಯವನು ಕೇಸಿನ ಮರವನ್ನೂ ಸೇರಿಸಿ ತೂಗಿ, ಆಮೇಲೆ ಮರದ ತೂಕವೆಂದು ತನಗೆ ತೋಚಿದಷ್ಟು ಕಳೆದನು. ನನ್ನ ಲೆಕ್ಕದಂತೆ 70 ಕೆ.ಜಿ. ಮೋಸವಾಯಿತು, ಆ ಚೀಟಿ ಇಂದಿಗೂ ನನ್ನ ಬಳಿ ಇದೆ. ಆ ದುಡ್ಡಿಗೆ ಸಾಲ ಸೇರಿಸಿ ಎರಡನೇ ಕೈ ಆಫ್‌ಸೆಟ್ ಮುದ್ರಣ ಯಂತ್ರ ತಂದೆ, ಇಬ್ಬರು ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದೆ. ಪಶ್ಚಾತ್ತಾಪವಿಲ್ಲ. ಕೈಯಲ್ಲಿ ಹಾಳೆ ಕೊಡುತ್ತ ಗಂಟೆಗೆ ಸಾವಿರ ಪ್ರತಿ ತೆಗೆಯುವ ಯಂತ್ರವನ್ನು ಪ್ರೀತಿಸುವವರು ಅದರ ಮುಂದೆ ಹನ್ನೆರಡು ಗಂಟೆ ನಿಂತಿರುವುದಿಲ್ಲ.

ನಿವೃತ್ತ ಕಂಪೋಸಿಟರ್:
ನಿಂತಿದ್ದೇನೆ.

ಗದಗದ ಆಫ್‌ಸೆಟ್ಟಿನವರು:
ನೀವು ನಿಂತದ್ದು ಕೇಸಿನ ಮುಂದೆ ಯಜಮಾನರೇ, ಯಂತ್ರದ ಮುಂದೆ ನಿಂತವನು ನನ್ನ ತಮ್ಮ. 1991ರಲ್ಲಿ ರಾತ್ರಿ ಪಾಳಿಯಲ್ಲಿ ಹಾಳೆ ಓರೆಯಾಯಿತೆಂದು ಸರಿಪಡಿಸಲು ಹೋಗಿ ಬಲಗೈಯ ಎರಡು ಬೆರಳಿನ ತುದಿಯನ್ನು ಕಳೆದುಕೊಂಡನು. ಹಾಳೆ ಓರೆಯಾದರೆ ಲಿವರ್ ಎಳೆದು ಒತ್ತಡವನ್ನು ತಪ್ಪಿಸಬೇಕು, ಕೈ ಹಾಕಬಾರದು ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಿದ್ದೆಗಣ್ಣಿನ ಕೈ ತಾನಾಗಿ ಹೋಗುತ್ತದೆ.

ಕಡಲತಡಿ:
ಗದಗಕ್ಕಿಂತ ಮೊದಲು ಮಂಗಳೂರಿನ ಹೆಸರು ಹೇಳಬೇಕು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1843ರಲ್ಲಿ ಮೊಳೆ ಜೋಡಿಸಿ ‘ಮಂಗಳೂರ ಸಮಾಚಾರ’ ಹೊರಡಿಸಿದ ನೆಲ ನಮ್ಮದು. ಮೊಳೆ ಮಾರುವುದೆಂದರೆ ಆ ಪರಂಪರೆಯನ್ನೇ ಮಾರಿದಂತೆ.

ಗದಗದ ಆಫ್‌ಸೆಟ್ಟಿನವರು:
ಪರಂಪರೆಯ ಮಾತಾಡುವವರು ಮೊದಲು ಪರಂಪರೆಯನ್ನು ತಿಳಿದಿರಬೇಕು. ಆ ಮಿಶನ್ನಿನ ಮೋಗ್ಲಿಂಗರ ಆ ಪತ್ರಿಕೆ ಮಂಗಳೂರಿನಲ್ಲಿ ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಮೊಳೆಯಲ್ಲಿ ಅಲ್ಲ. ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ನೀರು ಸವರಿ, ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹಿಡಿಯುವಂತೆ ಮಾಡುವುದು ಕಲ್ಲಚ್ಚು. ನೀರೂ ಜಿಡ್ಡೂ ಸೇರುವುದಿಲ್ಲವೆಂಬ ಅದೇ ತತ್ವದ ಮೇಲೆಯೇ ಆಫ್‌ಸೆಟ್ ನಡೆಯುತ್ತದೆ. ಆದ್ದರಿಂದ ಕನ್ನಡದ ಮೊದಲ ಪತ್ರಿಕೆ ನಮ್ಮ ಕಡೆಯದು, ಕಂಪೋಸಿಟರರ ಕಡೆಯದಲ್ಲ.

ಕಡಲತಡಿ:
1894ರ ಕಿಟ್ಟೆಲರ ನಿಘಂಟನ್ನೂ ಕಲ್ಲಿನಲ್ಲೇ ಕೆತ್ತಿದರೆಂದು ಹೇಳಿಬಿಡಿ. ಅದರ ಒಂದು ಪುಟದಲ್ಲಿ ಎಷ್ಟು ಒತ್ತಕ್ಷರಗಳಿವೆ, ನಡುವೆ ಇಂಗ್ಲಿಷ್ ಅಕ್ಷರಗಳು ಎಷ್ಟು ಬಾರಿ ಬರುತ್ತವೆ ಎಂದು ಕಣ್ಣಾರೆ ನೋಡಿದವರು ಕಂಪೋಸಿಟರರ ವಿಷಯದಲ್ಲಿ ಹಗುರವಾಗಿ ಮಾತಾಡುವುದಿಲ್ಲ.

ನಾಟಕದ ಪೋಸ್ಟರು:
ಮರದ ಅಕ್ಷರಗಳ ಬಗ್ಗೆ ಒಬ್ಬರೂ ಹೇಳಲಿಲ್ಲ. ನಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ಕಂಪನಿ ನಾಟಕಗಳ ಪೋಸ್ಟರು ಹಾಕುತ್ತಿದ್ದರು. ನಾಟಕದ ಹೆಸರು ಗೇಣುದ್ದದ ಮರದ ಅಕ್ಷರದಲ್ಲಿ, ನಟಿಯ ಹೆಸರು ಅದಕ್ಕಿಂತ ದೊಡ್ಡದಾಗಿ, ಲೇಖಕರ ಹೆಸರು ಕಾಣಿಸಿದರೆ ಕಾಣಿಸಿತು. ಒಂದೇ ಓಟದಲ್ಲಿ ಎರಡು ಬಣ್ಣ ತರಲು ಯಂತ್ರದ ಶಾಯಿ ತಟ್ಟೆಯ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಶಾಯಿ ಹಚ್ಚುತ್ತಿದ್ದರು. ನಡುವೆ ಅವೆರಡೂ ಬೆರೆತು ನೇರಳೆಯಾಗುತ್ತಿತ್ತು, ಸಂಜೆಯ ಹೊತ್ತಿಗೆ ಎಲ್ಲವೂ ನೇರಳೆಯೇ. ಆ ಅಕ್ಷರಗಳನ್ನು ನಾನು 2015ರಲ್ಲಿ ಹೋಟೆಲು ಅಲಂಕಾರ ಮಾಡುವವರೊಬ್ಬರಿಗೆ ಒಂದಕ್ಕೆ 200 ರೂಪಾಯಿಯಂತೆ ಕೊಟ್ಟೆ. ಅವರು ಗೋಡೆಗೆ ಕಬ್ಬಿಣದ ಮೊಳೆ ಹೊಡೆದು ನಿಲ್ಲಿಸಿದ್ದಾರೆ, ಅದೂ ನೆಟ್ಟಗೆ ಓದಲು ಬರಲೆಂದು ಹಿಂಬದಿಯನ್ನು ಮುಂದೆ ಮಾಡಿ ಮೇಲೆ ಬಣ್ಣದಲ್ಲಿ ಬೇರೆ ಅಕ್ಷರ ಬರೆಸಿದ್ದಾರೆ. ಅಲ್ಲಿ ಕಾಫಿ ಕುಡಿಯಲು ಹೋದವನು ಕುಡಿಯದೆ ಎದ್ದು ಬಂದೆ.

ಮಲ್ಲೇಶ್ವರದ ಅಚ್ಚುಮನೆ:
ಮಾರಿದ್ದು ನೀವೇ, ಎದ್ದು ಬಂದದ್ದೂ ನೀವೇ. ಅಂದು ನಮ್ಮಂಥವರನ್ನು ಕೇಳಿದ್ದರೆ 300 ಕೊಡುತ್ತಿದ್ದೆವು.

ನಾಟಕದ ಪೋಸ್ಟರು:
2015ರಲ್ಲಿ ನಿಮ್ಮ ಬಳಿ ಟ್ರೆಡಲ್ಲೇ ಇರಲಿಲ್ಲ ಸ್ವಾಮಿ, ನೀವೇ ಮೇಲೆ ಬರೆದಿದ್ದೀರಿ.

ಶಿವಮೊಗ್ಗದವಳು:
ಎಲ್ಲರಿಗೂ ವಂದನೆಗಳು. ಹಿರಿಯರು ಹೇಳಿದಂತೆ ‘ಶ್ರೀ’ಗಳನ್ನು ಎಣಿಸಿದೆ: 12 ಪಾಯಿಂಟಿನಲ್ಲಿ ಹದಿನೇಳು ಇವೆ, ಅವುಗಳಲ್ಲಿ ನಾಲ್ಕಕ್ಕೆ ಕೆಳಗಿನ ಬಾಲ ಮುರಿದಿದೆ. ಗುಜರಿಯವರು ಸೋಮವಾರ ಮತ್ತೆ ಬರುತ್ತಾರೆ. ರೋಲರಿನ ವಿಷಯಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ನಿವೃತ್ತ ಕಂಪೋಸಿಟರ್:
ಹದಿಮೂರು ‘ಶ್ರೀ’ ಇದ್ದರೆ ಚಿಕ್ಕ ಕುಟುಂಬದ ಮದುವೆ ಆಗುತ್ತದೆ. ನಿಮ್ಮ ರೋಲರು ಕರಗಿದೆಯೆಂದರೆ ಅದು ಸರೇಸಿನದು, ಅಂದರೆ ಪ್ರಾಣಿಜನ್ಯ ಅಂಟಿನದು. ನಮ್ಮಲ್ಲಿ ಸರೇಸು, ಗ್ಲಿಸರಿನ್ ಕಾಯಿಸಿ ನಾವೇ ಎರಕ ಹೊಯ್ಯುತ್ತಿದ್ದೆವು. ಬೇಸಿಗೆಯಲ್ಲಿ ಜೋಲುತ್ತಿದ್ದವು, ರಾತ್ರಿ ಇಲಿಗಳು ಬಂದು ತಿನ್ನುತ್ತಿದ್ದವು.

ಮಲ್ಲೇಶ್ವರದ ಅಚ್ಚುಮನೆ:
ಈಗ ಅದನ್ನೆಲ್ಲ ಮಾಡಬೇಡಿ, ರಬ್ಬರು ಹಾಕಿಸಿ. ಕರಗಿದ್ದನ್ನು ಕೆರೆದು ಉಕ್ಕಿನ ಸರಳನ್ನಷ್ಟೇ ಅಂಗಡಿಗೆ ಒಯ್ದರೆ ಸಾಲದು. ಎರಡು ತುದಿಯಲ್ಲಿ ಹಳಿಯ ಮೇಲೆ ಉರುಳುವ ಚಕ್ರಗಳನ್ನೂ ಒಯ್ಯಿರಿ. ರಬ್ಬರಿನ ವ್ಯಾಸವೂ ಚಕ್ರದ ವ್ಯಾಸವೂ ಒಂದೇ ಇರಬೇಕು. ನಾನು ಸರಳನ್ನು ಮಾತ್ರ ಕೊಟ್ಟು ಬಂದು, ದಪ್ಪಗಾದ ಮೂರು ರೋಲರುಗಳಿಗೆ 12,600 ತೆತ್ತು, ತೇಯಿಸಲು ಮತ್ತೆ 2,100 ತೆತ್ತಿದ್ದೇನೆ. ಸೋಮವಾರಕ್ಕೆ ಮೊದಲು ಚಕ್ರಗಳು ಆರೂ ಇವೆಯೇ ಎಂದು ನೋಡಿಕೊಳ್ಳಿ. ಗುಜರಿಯವರು ಮೊದಲು ಜೇಬಿಗೆ ಹಾಕುವುದು ಅವನ್ನೇ.